ಒಂದೇ ಉಸಿರಿನ ಗೀಟು

ಚಿತ್ರಗಾರ ಹರ್ಮನ್ ಲಿಪ್ಸ್ಕಿ ಮಾಡಿದ ತಪ್ಪು ಒಂದೇ. ಗ್ಯಾಲರಿಯ ಒಡತಿ ಮಿಸೆಸ್ ವ್ಯಾನ್ ಡೋರನ್ ಮಧ್ಯಾಹ್ನ ತನ್ನ ಚಿತ್ರ ನೋಡಲು ಬರುತ್ತಾಳೆಂಬ ಸುದ್ದಿಯನ್ನು ಪಕ್ಕದ ಕೋಣೆಯ ಡ್ವೈಟ್‌ಗೆ ಹೇಳಿಬಿಟ್ಟ.

ಆ ವರ್ಷ ನ್ಯೂಯಾರ್ಕಿನ ಹತ್ತನೇ ಬೀದಿಯ ಚಿತ್ರಗಾರರಿಗೆಲ್ಲ ಝೆನ್ ಎಂಬ ಜಪಾನಿನ ಧ್ಯಾನಮಾರ್ಗ ನೆಗಡಿಯಂತೆ ಹಬ್ಬಿತ್ತು. ಡ್ವೈಟ್‌ಗೆ ಎದೆಗೂ ಇಳಿದಿತ್ತು. ಜಪಾನಿನ ಹಿರಿಯರೊಬ್ಬರ ಮೂರು ಉಪನ್ಯಾಸಗಳಿಗೆ ಹೋಗಿ, ಎರಡರಲ್ಲಿ ನಿದ್ದೆ ಹೊಡೆದು ಬಂದ ಮೇಲೆ ಅವನು ಕಾಫಿಯನ್ನೂ ಕಣ್ಣುಮುಚ್ಚಿಯೇ ಕುಡಿಯುತ್ತಿದ್ದ.

ಹರ್ಮನ್ ಚಳಿಗಾಲವೆಲ್ಲ ಕೂತು ಬರೆದ ಬಣ್ಣದ ಚೌಕಗಳನ್ನು ನೋಡಿ ಡ್ವೈಟ್, ಆಸೆ ಬಿಟ್ಟ ಡಾಕ್ಟರನಂತೆ ನಿಟ್ಟುಸಿರಿಟ್ಟ.

“ಇದೇನು ಹಣ್ಣಿನಂಗಡೀನಾ? ಒಂದು ಉಸಿರು, ಒಂದು ಕಪ್ಪು ಗೀಟು. ಅಷ್ಟೇ ಸಾಕು. ಜಪಾನಿನಲ್ಲಿ ಅಷ್ಟಕ್ಕೇ ನಲವತ್ತು ವರ್ಷ ಕೂತು ಸಾಧನೆ ಮಾಡ್ತಾರೆ.”

“ನಂಗೆ ಇರೋದು ಮಧ್ಯಾಹ್ನದವರೆಗೆ.”

“ಹಾಗಾದ್ರೆ ಸ್ವಲ್ಪ ಬೇಗ ಬೇಗ ಧ್ಯಾನ ಮಾಡು.”

ಹೊಸದೊಂದು ಖಾಲಿ ಕ್ಯಾನ್ವಾಸು ನೆಲಕ್ಕಿಳಿಯಿತು. ಬಕೆಟ್ಟಿನ ತುಂಬ ಶಾಯಿ ಬಂತು. ಕಸಪೊರಕೆ ಗಾತ್ರದ ಕುಂಚ ಬಂತು. ಕರೆಯದಿದ್ದರೂ ಮಹಡಿಯ ಮೇಲಿನ ಚಿತ್ರಗಾರರಿಬ್ಬರು ಬಂದರು. ಒಬ್ಬ ಉಸಿರು ಹಿಡಿ ಎಂದ, ಇನ್ನೊಬ್ಬ ಬಿಡು ಎಂದ. ಇಬ್ಬರ ಮಾತನ್ನೂ ಕೇಳಹೋಗಿ ಹರ್ಮನ್ನನ ಮುಖ ಬೀಟ್‌ರೂಟಾಯಿತು. ಕೊನೆಗೆ ಅವನು ಕುಂಚ ಎತ್ತಿದ ಹೊತ್ತಿಗೇ ಡ್ವೈಟ್ ಹಿಂದಿನಿಂದ ಭುಜ ತಟ್ಟಿ, ಈಗ ಏನನ್ನೂ ಯೋಚಿಸಬೇಡ ಎಂದ. ಹರ್ಮನ್ ಬೆಚ್ಚಿದ. ಕಾಲು ಬಕೆಟ್ಟಿಗೆ ತಗುಲಿತು. ಚೆಲ್ಲಿದ ಶಾಯಿಯ ಮೇಲೆ ಕುಂಡೆಯೂರಿ, ಮಂಜುಗಡ್ಡೆಯ ಮೇಲಿನ ಎಮ್ಮೆಯಂತೆ ಕ್ಯಾನ್ವಾಸಿನ ಈ ಮೂಲೆಯಿಂದ ಆ ಮೂಲೆಗೆ ಜಾರಿದ.

ತಲೆಯೆತ್ತಿದರೆ ಬಾಗಿಲಲ್ಲಿ ಮಿಸೆಸ್ ವ್ಯಾನ್ ಡೋರನ್.

ಅವಳು ಅವನು ಜಾರಿದ ಕಪ್ಪು ಗೀಟಿನ ಉದ್ದಕ್ಕೂ ಒಮ್ಮೆ ನಡೆದು ಬಂದಳು. ಆಮೇಲೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ಪೂರ್ವ ದೇಶಗಳ ಜ್ಞಾನವೆಲ್ಲ ಈ ಗೀಟಿನಲ್ಲಿದೆ ಎಂದಳು.

“ಮೇಡಂ, ನಾನು ಜಾರಿಬಿದ್ದೆ,” ಎಂದ ಹರ್ಮನ್.

“ನಾನೂ ಅದನ್ನೇ ಹೇಳ್ತಿರೋದು.”

ಮುಂದಿನ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಮುಂದೆ ಅದೇ ಎಂದು ತೀರ್ಮಾನವೂ ಆಯಿತು. ಹತ್ತು ವರ್ಷ ಈ ಮಾತಿಗಾಗಿ ಕಾದಿದ್ದ ಹರ್ಮನ್ ಸಣ್ಣ ಕುಂಚ ಹಿಡಿದು ಹೆಸರು ಬರೆಯಲು ಬಗ್ಗಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

“ಏನ್ ಮಾಡ್ತಿದ್ದೀರಿ? ಇದರಲ್ಲಿ ‘ನಾನು’ ಅನ್ನೋದೇ ಇಲ್ಲ. ಹೆಸರು ಹಾಕಿದ್ರೆ ಚಿತ್ರ ಸತ್ತೇಹೋಗುತ್ತೆ.”

ಪ್ರದರ್ಶನದ ದಿನ ಈ ತತ್ವವನ್ನು ಯಾರಾದರೂ ಜನಕ್ಕೆ ವಿವರಿಸಬೇಕಲ್ಲ? ಡ್ವೈಟ್ ಬಹಳ ವಿನಯದಿಂದ ಒಪ್ಪಿಕೊಂಡ. ಹರ್ಮನ್ನನೊಬ್ಬನನ್ನು ಬಿಟ್ಟು ಎಲ್ಲರೂ ಸೇರಿ ಕ್ಯಾನ್ವಾಸನ್ನು ಶವದ ಪೆಟ್ಟಿಗೆಯಂತೆ ಹೊತ್ತು ಇಳಿದುಹೋದರು.

ಅವರು ಹೋದ ಮೆಟ್ಟಿಲಲ್ಲೇ ಕೆಳಗಿನ ಮನೆಯ ಮಿಸೆಸ್ ಪಗಾನೋ ಹತ್ತಿ ಬಂದಳು. ಕಟ್ಟಡ ಅವಳದು. ಹಲಗೆಯ ಸಂದಿಯಿಂದ ಇಳಿದ ಶಾಯಿ ಅವಳು ಲಟ್ಟಿಸಿಟ್ಟಿದ್ದ ಪಾಸ್ತಾದ ಮೇಲೆಲ್ಲ ತೊಟ್ಟಿಕ್ಕಿತ್ತು.

ಹರ್ಮನ್ ಹೊಸದಾಗಿ ಕಲಿತ ಜ್ಞಾನವನ್ನೇ ನೆಚ್ಚಿಕೊಂಡ. “ಅದನ್ನ ನಾನು ಮಾಡಿಲ್ಲ, ಮಿಸೆಸ್ ಪಗಾನೋ. ಯಾರೂ ಮಾಡಿಲ್ಲ.”

ಅವಳು ಅವನನ್ನು ಒಂದು ಸುತ್ತು ಬಂದು, ಪ್ಯಾಂಟಿನ ಹಿಂಭಾಗವನ್ನು ಕಣ್ತುಂಬ ನೋಡಿದಳು.

“ಸರಿಯಪ್ಪ,” ಎಂದಳು. “ಆ ‘ಯಾರೂ’ಗೆ ಹೇಳ್ಬಿಡು, ಇವತ್ತೇ ಮನೆ ಖಾಲಿ ಮಾಡ್ಬೇಕಂತೆ ಅಂತ.”