ಠೇವಣಿ ವಿಮಾ ಕೇಳಾಕ ಹೋದವರು

ನಮ್ಮ ಮೂವರಿಗೇ ಇಂಥವು ಯಾಕಾಗುತ್ತವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾವು ಕೇಳುವುದು ಒಂದು, ಎದುರಿನವರ ಕಿವಿಗೆ ಬೀಳುವುದು ಇನ್ನೊಂದು, ಕಡೆಗೆ ಆಗುವುದು ಮತ್ತೊಂದು.

ನಾನು ನವನಗರದ ಒಂದು ಸಣ್ಣ ಪತ್ತಿನ ಸೌಹಾರ್ದ ಸಹಕಾರಿಯ ಸೆಕ್ರೆಟರಿ. ಬ್ಯಾಂಕ್ ಅಲ್ಲ. ಸದಸ್ಯರೇ ರೊಕ್ಕ ಇಟ್ಟು ಸದಸ್ಯರೇ ಸಾಲ ತೆಗೆಯುವ ಸಂಘ. ನಮ್ಮ ಅಧ್ಯಕ್ಷರು ಹುನಗುಂದದಲ್ಲಿ ಕಾಳುಕಡಿ ವ್ಯಾಪಾರ ಮಾಡಿ ಬೆಳೆದವರು. ಮೂರನೆಯವರು ಇಳಕಲ್ಲಿನ ನೇಕಾರ ಮನೆತನದ ನಿರ್ದೇಶಕಿ. ನಾವೆಲ್ಲ ಅಕ್ಕ ಅಂತ ಕರೆಯುತ್ತೇವೆ. ಮನಸ್ಸಿಗೆ ಬಂದದ್ದು ಅವರ ಬಾಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ.

ಸುತ್ತಲಿನ ಸಂಘಗಳೆಲ್ಲ ಕೂಡಿ ಸರಕಾರಕ್ಕೆ ಒಂದೇ ಒಂದು ಮಾತು ಮುಟ್ಟಿಸಲು ನಮ್ಮನ್ನು ಆರಿಸಿದವು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ, ಬ್ಯಾಂಕ್ ಮುಳುಗಿದರೂ ಇಟ್ಟವರಿಗೆ ಒಂದಷ್ಟು ವಾಪಸ್ ಬರುತ್ತದೆ. ಸಂಘದಲ್ಲಿಟ್ಟ ಹೂ ಮಾರುವ ಅವ್ವನ ಠೇವಣಿಗೆ, ಮಗ್ಗ ನೇಯುವವನ ಠೇವಣಿಗೆ ಅದು ಇಲ್ಲ. ಅವರಿಗೂ ಅಂಥದ್ದೊಂದು ಕಾನೂನು ತನ್ನಿ. ಇಷ್ಟೇ. ಸಣ್ಣ ಮಕ್ಕಳಿಗೂ ತಿಳಿಯುವ ಮಾತು ಅಂದುಕೊಂಡಿದ್ದೆವು.

ಯಾವ ಬೆಳಿ?

ಬಾದಾಮಿಯ ಒಂದು ಸಮಾರಂಭಕ್ಕೆ ಮಂತ್ರಿಗಳೊಬ್ಬರು ಬಂದಿದ್ದರು. ಊಟ ಮುಗಿಸಿ ಕಾರು ಹತ್ತುವ ಹೊತ್ತಿಗೆ ನಾವು ಮನವಿ ಹಿಡಿದು ಮುಂದೆ ಹೋದೆವು.

"ಸಾಹೇಬ್ರ, ವಿಮಾದ ಬಗ್ಗೆ ಒಂದು ಮನವಿ ಐತ್ರಿ," ಅಂದರು ಅಧ್ಯಕ್ಷರು.

"ಬೆಳಿ ವಿಮಾ ಏನ್ರಿ? ಕೊಡ್ರಿ. ಯಾವ ಬೆಳಿ?"

"ಬೆಳಿ ಅಲ್ರಿ, ಠೇವಣಿ..." ಅಂತ ನಾನು ಬಾಯಿ ಹಾಕುವಷ್ಟರಲ್ಲಿ ಮಂತ್ರಿಗಳು ಅಧ್ಯಕ್ಷರ ಹೆಗಲ ಮೇಲೆ ಕೈ ಇಟ್ಟು, "ಈ ಸಲ ನಿಮ್ಮ ಕಡೆ ಕಡ್ಲಿ ಹೆಂಗದಾವು?" ಅಂತ ಕೇಳಿಬಿಟ್ಟರು.

ಕಾಳಿನ ವ್ಯಾಪಾರಿಯನ್ನು ಕಡ್ಲಿ ಹೆಂಗದಾವು ಅಂತ ಕೇಳಿದರೆ ಮುಗಿಯಿತು. ನಮ್ಮ ಅಧ್ಯಕ್ಷರು ಬಂದ ಕೆಲಸ ಮರೆತು ಕಡ್ಲಿ, ತೊಗರಿ, ಸೂರ್ಯಕಾಂತಿ ಎಲ್ಲಾ ಹೇಳಿದರು. ಮಂತ್ರಿಗಳು ಮೆಚ್ಚಿ ತಲೆದೂಗುತ್ತಾ ಮನವಿಯ ಮೇಲೆ ಏನೋ ಗೀಚಿ ಪಿ.ಎ. ಕೈಗೆ ಕೊಟ್ಟರು. "ಕೆಲಸ ಆತು," ಅಂದರು ಅಧ್ಯಕ್ಷರು. ನಾನು, ಅಕ್ಕ ಮುಖ ಮುಖ ನೋಡಿಕೊಂಡೆವು.

ಕೆಲವು ವಾರದ ಮೇಲೆ ಒಬ್ಬ ತರುಣ ಅಧಿಕಾರಿ ಬೈಕಿನಲ್ಲಿ ನಮ್ಮ ಸಂಘಕ್ಕೆ ಬಂದ. ಕೌಂಟರಿನ ಈ ಕಡೆ ನೋಡಿದ, ಆ ಕಡೆ ನೋಡಿದ.

"ಹೊಲಾ ಎಲ್ಲೈತ್ರಿ?"

"ಇದು ಸಂಘದ ಆಫೀಸು, ಹೊಲಾ ಇಲ್ರಿ," ಅಂದೆ.

"ವಿಳಾಸ ಇದಽ ಐತಿ. ಬೆಳಿ ನೋಡಿ ವರದಿ ಕೊಡು ಅಂತ ಮ್ಯಾಲಿಂದ ಬಂದೈತಿ."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಪಾಪ, ಗಮನ ಇಟ್ಟು ಕೇಳಿದ. ಕೇಳಿ, ಫೋನ್ ತೆಗೆದು ನೆಲದ ಟೈಲ್ಸಿನ ನಾಲ್ಕು ಫೋಟೋ ಹೊಡೆದುಕೊಂಡ. ಹೋಗುವಾಗ ನನ್ನ ಕೈ ಹಿಡಿದು ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡ್ರಿ. ಪೂರ್ತಿ ಹಾನಿ ಅಂತ ಬರೀತೇನಿ. ನಾ ಕಣ್ಣಾರೆ ನೋಡೇನಲ್ಲ, ಒಂದ ಗಿಡಾನೂ ಉಳದಿಲ್ಲ."

ಎರಡೂ ಕಡಿಯವರು

ಒಂದು ದಿನ ಒಂದು ಕಚೇರಿಯಿಂದ ಫೋನ್ ಬಂತು. "ನಾಳೆ ಸೌಹಾರ್ದ ಸಭೆ ಇದೆ. ಸೌಹಾರ್ದದವರು ತಪ್ಪದೇ ಬರಬೇಕು." ನಮಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ನಾವು ಅಲೆದಾಡಿದ್ದು ಸಾರ್ಥಕ, ಸರಕಾರವೇ ಕರೆದಿದೆ! ಅಧ್ಯಕ್ಷರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿದರು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದರು.

ಸಭಾಂಗಣದಲ್ಲಿ ಒಂದು ಸಾಲಿನಲ್ಲಿ ಗುಡಿಗಳ ಹಿರಿಯರು, ಇನ್ನೊಂದು ಸಾಲಿನಲ್ಲಿ ಮಸೀದಿಗಳ ಹಿರಿಯರು, ಗೋಡೆ ತುಂಬ ಪೊಲೀಸರು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ನಮ್ಮ ವಿಷಯಕ್ಕ ಇಷ್ಟ ಮಂದಿ ಬಂದಾರಲ್ರಿ! ಪೊಲೀಸ್ರು ಯಾಕ?" ಅಂದರು. "ಠೇವಣಿ ವಿಷಯ ನೋಡ್ರಿ, ಬಂದೋಬಸ್ತ್ ಇರಬೇಕು," ಅಂದೆ ನಾನು.

ಮೈಸೂರು ಕಡೆಯ ಅಧಿಕಾರಿಯೊಬ್ಬರು ಎದ್ದು ನಿಂತು ಹಬ್ಬ ಬರುತ್ತಿದೆ, ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಧ್ವನಿವರ್ಧಕ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಶುರು ಮಾಡಿದರು. ವಿಮೆಯ ಮಾತು ಈಗ ಬರುತ್ತದೆ, ಆಗ ಬರುತ್ತದೆ ಅಂತ ನಾವು ಕಾದೆವು. ಕಡೆಗೆ ಅವರ ಕಣ್ಣು ನಮ್ಮ ಮೇಲೆ ಬಿತ್ತು.

"ನೀವು ಯಾವ ಕಡೆಯವರು?"

ಅಕ್ಕ ಎದ್ದರು. "ನಾವು ಯಾವ ಕಡಿಯವ್ರೂ ಅಲ್ರಿ. ಎರಡೂ ಕಡಿಯವ್ರ ರೊಕ್ಕಾ ತಗೊಂಡೇವಿ."

ಗೋಡೆಗೆ ಒರಗಿದ್ದ ಪೊಲೀಸರು ನೆಟ್ಟಗೆ ನಿಂತರು.

"ಎರಡೂ ಕಡೆಯವರ ದುಡ್ಡು? ಯಾವಾಗಿನಿಂದ?"

"ಮೊದಲಿಂದಾನೂ ತಗೋತೇವ್ರಿ. ಯಾರಿಗೂ ಭೇದ ಮಾಡಿಲ್ಲ."

"ತಗೊಂಡು ಏನು ಮಾಡ್ತೀರಿ?"

"ಈ ಕಡಿಯವ್ರದು ಆ ಕಡಿಯವ್ರಿಗೆ ಕೊಡ್ತೇವಿ, ಆ ಕಡಿಯವ್ರದು ಈ ಕಡಿಯವ್ರಿಗೆ."

ಅಧಿಕಾರಿಯ ಮುಖ ಬೆವೆತಿತು. ಆಗ ಮಸೀದಿಯ ಸಾಲಿನಿಂದ ಒಬ್ಬ ಹಿರಿಯರು ಎದ್ದು, "ಖರೆ ಐತ್ರಿ ಸಾಹೇಬ್ರ. ನನ್ನ ಠೇವಣಿ ಇವರ ಹಂತೇಕ ಐತಿ," ಅಂದರು. ಗುಡಿಯ ಸಾಲಿನಿಂದ ಇನ್ನೊಬ್ಬರು ಎದ್ದು, "ಅವ್ರ ಠೇವಣಿ ಮ್ಯಾಲೇ ನನಗ ಸಾಲ ಸಿಕ್ಕೈತ್ರಿ. ಅವ್ರ ಕೂಡ ನಾ ಜಗಳಾ ತೆಗದ್ರ ಹೆಂಗ?" ಅಂದರು. ಸಭೆಗೆ ಸಭೆಯೇ ನಕ್ಕಿತು.

ಅಂದಿನಿಂದ ಎಲ್ಲ ಧರ್ಮದ ಎಲ್ಲ ಹಬ್ಬಕ್ಕೂ ನಮಗೆ ಕರೆ ಬರುತ್ತದೆ. ಚಹಾ, ಬಿಸ್ಕೀಟು, ಒಂದೊಂದು ಸಲ ಶಾಲು ಕೂಡ. ವಿಮೆಯ ಬಗ್ಗೆ ಕೇಳಿದರೆ ಮಾತ್ರ, "ಮೊದಲು ಹಬ್ಬ ಮುಗೀಲಿ" ಅನ್ನುತ್ತಾರೆ.

ಬೆಳಗಾವಿಯ ಟೆಂಟು

ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ರಾಜ್ಯದ ಮೂಲೆ ಮೂಲೆಯವರು ಅಲ್ಲಿ ಟೆಂಟು ಹಾಕಿ ಧರಣಿ ಕೂರುತ್ತಾರೆ. ನಮ್ಮ ಸಂಘಗಳ ಟೆಂಟೂ ಇತ್ತು. ನಾನು ಬಸ್ಸಿನಿಂದ ಇಳಿದು ಬ್ಯಾನರಿನ ಗಂಟು ಹೊತ್ತು ಬರುವಷ್ಟರಲ್ಲಿ ಅಧ್ಯಕ್ಷರು "ಠೇವಣಿದಾರರ ಹಿತ ಕಾಪಾಡಿ" ಅಂತ ಬರೆದಿದ್ದ ಒಂದು ಟೆಂಟು ಹೊಕ್ಕು ಕೂತಿದ್ದರು.

ಅದು ನಮ್ಮದಲ್ಲ. ಎಲ್ಲೋ ಒಂದು ಸಂಘದ ಪದಾಧಿಕಾರಿಗಳು ಜನರ ರೊಕ್ಕ ನುಂಗಿ ಓಡಿಹೋಗಿದ್ದರು. ಕಳೆದುಕೊಂಡವರು ಬಂದು ಕೂತಿದ್ದ ಟೆಂಟು ಅದು.

ನಾನು ಹುಡುಕಿ ಹೋದಾಗ ಒಬ್ಬ ಮುದುಕಿ ಅಧ್ಯಕ್ಷರ ಪಕ್ಕದಲ್ಲಿ ಕೂತು ತನ್ನ ಕತೆ ಹೇಳುತ್ತಿದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಕೂಡಿಸಿದ್ದೆಲ್ಲ ಹೋಗಿತ್ತು. ನಮ್ಮ ಅಧ್ಯಕ್ಷರು ಟಾವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಂಥವರಿಗಾಗಿಯೇ ಅಲ್ಲವೇ ನಾವು ಅಲೆಯುತ್ತಿರುವುದು ಅನಿಸಿತು ನನಗೆ. ಅಷ್ಟರಲ್ಲಿ ಮುದುಕಿ ಕೇಳಿದಳು:

"ನಿಮ್ಮ ರೊಕ್ಕಾ ಎಲ್ಲಿ ಹೋತೋ ಯಪ್ಪಾ?"

"ನನ್ನ ರೊಕ್ಕಾ ಹೋಗಿಲ್ಲವಾ. ನಾ ಇಡಾಂವ ಅಲ್ಲ, ಇಸ್ಕೊಳ್ಳಾಂವ. ನಾ ಸಂಘದ ಅಧ್ಯಕ್ಷ."

ಮುದುಕಿ ಗಪ್ಪನೆ ಅವರ ಧೋತರ ಹಿಡಿದಳು. "ಸಿಕ್ಕಾನ್ರೋ! ಅಧ್ಯಕ್ಷ ಸಿಕ್ಕಾನ್ರೋ!"

ಟೆಂಟಿಗೆ ಟೆಂಟೇ ಮೇಲೆದ್ದಿತು. ಪೊಲೀಸರು ನುಗ್ಗಿ ಬಂದು ಅಧ್ಯಕ್ಷರನ್ನು ವ್ಯಾನಿಗೆ ಹತ್ತಿಸಿದರು, ನಾನೂ ಹಿಂದೆ ಹತ್ತಿದೆ. ಧೋತರದ ಅರ್ಧ ಮುದುಕಿಯ ಕೈಯಲ್ಲೇ ಉಳಿಯಿತು.

"ಇಷ್ಟ ದಿನ ಎಲ್ಲಿ ಅಡಗಿದ್ರಿ?" ಅಂತ ಗುಡುಗಿದರು ಇನ್ಸ್‌ಪೆಕ್ಟರು.

"ಎಲ್ಲೂ ಇಲ್ರಿ. ದಿನಾ ಆಫೀಸಿನ್ಯಾಗ ಇರ್ತೇನಿ. ಯಾರರ ಕೇಳಿದ್ರ ಅವರ ರೊಕ್ಕಾ ಬಡ್ಡಿ ಸಮೇತ ಕೊಟ್ಟ ಕಳಸ್ತೇನಿ."

ಇನ್ಸ್‌ಪೆಕ್ಟರು ಗೊಂದಲಕ್ಕೆ ಬಿದ್ದರು. ಎಲ್ಲೆಲ್ಲೋ ಫೋನ್ ಮಾಡಿ ವಿಚಾರಿಸಿದರು. ನಾವು ಓಡಿಹೋದವರ ಪೈಕಿ ಅಲ್ಲ ಅಂತ ಖಾತ್ರಿಯಾದ ಮೇಲೆ ಬಿಟ್ಟರು. ಬಿಡುವಾಗ ಅಧ್ಯಕ್ಷರಿಗೆ ಬೆರಳು ತೋರಿಸಿ, "ಇದೊಂದ ಸಲ ಬಿಡ್ತೇನಿ. ಇನ್ನ ಮುಂದ ಹಿಂಗ ಎಲ್ಲಾರ ರೊಕ್ಕಾ ವಾಪಸ್ ಕೊಟ್ಕೊಂತ ಅಡ್ಡಾಡಬ್ಯಾಡ್ರಿ, ಮಂದಿಗೆ ಸಂಶೆ ಬರತೈತಿ," ಅಂದರು.

ಠೇವಣಿ ಹೋಗದಂಗ

ಚುನಾವಣೆ ಬಂತು. ಅಭ್ಯರ್ಥಿಗಳು ಮನೆ ಬಾಗಿಲಿಗೆ ಬರುವ ಕಾಲ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಒಂದೇ ಮಾತಿನಲ್ಲಿ ಹೇಳೋಣ, ಜೋರಾಗಿ ಹೇಳೋಣ ಅಂತ ನಿರ್ಧರಿಸಿದೆವು. ಒಬ್ಬ ಅಭ್ಯರ್ಥಿ ಇಳಕಲ್ಲಿನಲ್ಲಿ ಅಕ್ಕನ ಓಣಿಗೆ ಬರುವುದಿತ್ತು. ಅಕ್ಕ ಆರತಿ ತಟ್ಟೆ ಹಿಡಿದು ನಿಂತರು.

ಎರಡೂ ಕಡೆ ಮನೆಗಳಲ್ಲಿ ಪವರ್‌ಲೂಮಿನ ಸಪ್ಪಳ. ಅಭ್ಯರ್ಥಿ ತೆರೆದ ಜೀಪಿನಿಂದ ಇಳಿದು ಕೈ ಮುಗಿದರು. ಅಕ್ಕ ಆರತಿ ಎತ್ತಿ, ಕುಂಕುಮ ಹಚ್ಚಿ, ಆ ಸಪ್ಪಳ ಮೀರಿ ಇಡೀ ಓಣಿಗೆ ಕೇಳುವಂತೆ ಕೂಗಿದರು:

"ಸಾಹೇಬ್ರ, ಈ ಸಲ ಠೇವಣಿ ಹೋಗದಂಗ ನೋಡ್ಕೋರಿ!"

ಅದೇ ಕ್ಷಣಕ್ಕೆ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತವು. ಓಣಿಯಲ್ಲಿ ಉಳಿದದ್ದು ಆ ಮಾತು ಒಂದೇ.

ಅಭ್ಯರ್ಥಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. "ಯಾರ ಠೇವಣಿ ಹೋಗತೈತಿ?"

ಅಧ್ಯಕ್ಷರು ಸರಿಪಡಿಸಲು ಮುಂದೆ ಬಂದರು. "ನಿಮ್ಮದೊಬ್ಬರದ ಅಲ್ರಿ ಸಾಹೇಬ್ರ, ಎಲ್ಲಾರದೂ ಹೋಗು ಸಂಭವ ಐತಿ. ಅದಕ್ಕಽ ಮೊದಲ ವಿಮಾ ಮಾಡಸ್ರಿ ಅನ್ನಾಕ ಬಂದೇವಿ."

"ಯಾರ ಕಳಿಸ್ಯಾರ ನಿಮ್ಮನ್ನ?" ಅಂತ ಕೂಗಿ ಅವರು ಜೀಪು ಹತ್ತಿ ಹೋಗಿಯೇಬಿಟ್ಟರು. ಹಿಂಬಾಲಕರು ನಮ್ಮನ್ನು ಕೆಂಡದಂತೆ ನೋಡುತ್ತಾ ಹೋದರು. ಅಕ್ಕ ಮಾತ್ರ ತಟ್ಟೆ ಹಿಡಿದೇ ನಿಂತಿದ್ದರು. "ನಾ ಕೆಟ್ಟದ್ದೇನ ಅಂದ್ನಿ? ಠೇವಣಿ ಉಳೀಲಿ ಅಂದ್ನಲ್ಲ!"

ಮರುದಿನ ಎದುರಾಳಿ ಅಭ್ಯರ್ಥಿ ಮಾಲೆ ಹಿಡಿದು ಅಕ್ಕನ ಮನೆಗೇ ಬಂದರು. "ಅಕ್ಕಾ, ಅವನ ಮಾರಿ ಮ್ಯಾಲೇ ಹಂಗ ಅಂದ್ರಂತ! ಭಾಳ ಧೈರ್ಯಾ ನಿಮ್ದು!" ಅಂತ ಮಾಲೆ ಹಾಕಿ, ಫೋಟೋ ತೆಗೆಸಿಕೊಂಡು, ನಮ್ಮ ಮನವಿಯನ್ನು ಓದದೇ ಜೇಬಿಗಿಟ್ಟುಕೊಂಡರು. "ಗೆದ್ದ ಮ್ಯಾಲ ವಿಧಾನಸಭಾದಾಗ ನನ್ನ ಮೊದಲ ಮಾತು ಇದಽ," ಅಂತ ಆಣೆ ಮಾಡಿದರು. ನಮಗೆ ಖುಷಿಯೋ ಖುಷಿ.

ಎಣಿಕೆ ಮುಗಿಯಿತು. ಗೆದ್ದವರು ನಮ್ಮ ಮೇಲೆ ಸಿಟ್ಟಾಗಿ ಹೋದವರು. ಮಾಲೆ ಹಾಕಿದವರು ಸೋತದ್ದಷ್ಟೇ ಅಲ್ಲ, ಠೇವಣಿಯನ್ನೂ ಕಳೆದುಕೊಂಡರು.

ಇನ್ನು ನಮ್ಮ ಕತೆ ಮುಗಿಯಿತು ಅಂತ ಮೂವರೂ ಸಂಘದಲ್ಲಿ ಸಪ್ಪಗೆ ಕೂತಿದ್ದೆವು. ಆಗ ಆ ಸೋತ ಮನುಷ್ಯ ಒಬ್ಬರೇ ಬಂದರು. ಜೊತೆಗೆ ಜೀಪಿಲ್ಲ, ಜೈಕಾರವಿಲ್ಲ. ಕೂತು ನೀರು ಕುಡಿದರು. ಜೇಬಿನಿಂದ ನಮ್ಮ ಮನವಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು.

"ನಿನ್ನೆ ಕುಂತು ಪೂರಾ ಓದಿದೆ ಅಕ್ಕಾ. ನೀವು ಹೇಳೂದು ನೂರಕ್ಕ ನೂರು ಖರೆ. ಠೇವಣಿ ಹೋದವನ ಸಂಕಟ ಹೋದವನಿಗೇ ಗೊತ್ತು. ವಿಮಾ ಇರಾಕಽ ಬೇಕು."

ಅಧ್ಯಕ್ಷರು ಎದ್ದು ನಿಂತರು. ಇಷ್ಟು ಅಲೆದ ಮೇಲೆ ನಮ್ಮ ಮಾತು ತಿಳಿದ ಮೊದಲನೆಯ ರಾಜಕಾರಣಿ!

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಹಂಗಂದ್ರ ಸೆಕ್ರೆಟ್ರಿ, ನನ್ನ ಕ್ಲೇಮ್ ಯಾವಾಗ ಪಾಸ್ ಆಗತೈತಿ?"