ಕೊನೆಯ ಒಂಬತ್ತು ನಿಮಿಷ

ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಎಳೆದು ತೆಗೆದ ತಪ್ಪಿಗೆ, ಆ ಹಂಗಾಮಿ ಗುಮಾಸ್ತನಿಗೆ ಕಚೇರಿಯಲ್ಲಿ ‘ಪಂಡಿತ’ ಎಂದು ಹೆಸರು ಬಿದ್ದಿತ್ತು. ಕಂಪ್ಯೂಟರ್ ಕೆಮ್ಮಿದರೂ ಅವನಿಗೇ ಕರೆ.

ಬೆಳಿಗ್ಗೆ ಸಾಹೇಬರು ತಮ್ಮ ಹಳೆಯ ರೆಕಾರ್ಡರನ್ನು ಅವನ ಕೈಗಿಟ್ಟರು. "ನಿನ್ನೆ ಸಭೆಯದ್ದು ಪೂರ್ತಿ ಇದರಲ್ಲಿದೆ. ಅದೇನೋ ಡಿಎಸ್ಎಸ್ ಅನ್ನೋ ಥರದ ಫೈಲ್ ಅಂತೆ, ನನ್ನ ಕಂಪ್ಯೂಟರ್‌ನಲ್ಲಿ ಹಾಡೋದೇ ಇಲ್ಲ. ಎಂಪಿ3 ಮಾಡ್ಕೊಡಿ. ನಾಲ್ಕು ಗಂಟೆಗೆ ಮುಖ್ಯ ಕಚೇರಿಗೆ ಹೋಗ್ಬೇಕು. ಕೆಲಸ ಕಾಯಂ ಆಗೋರ ಪಟ್ಟಿ ಇವತ್ತೇ ಅಂತಿಮ."

ಹನ್ನೊಂದು ವರ್ಷದಿಂದ ಪಂಡಿತ ಕಾಯುತ್ತಿದ್ದದ್ದು ಆ ಪಟ್ಟಿಗೇ. ಆದರೆ ಸಭೆ ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸಬೇಕಾದವನು ಅವನು. ನಿಲ್ಲಿಸಿರಲಿಲ್ಲ, ಈಗ ನೆನಪಾಯಿತು! ಕೋಣೆಯಲ್ಲಿ ಯಾರೂ ಇಲ್ಲವೆಂದು ಅದರ ಮುಂದೆಯೇ ನಿಂತು ಸಾಹೇಬರ ಬಗ್ಗೆ ಬಾಯಿಗೆ ಬಂದದ್ದು ಆಡಿದ್ದ. ಅಯ್ಯೋ, ಈ ನಾಲಿಗೆಗೆ ಬೀಗ ಹಾಕುವವರು ಯಾರೂ ಇಲ್ಲವೇ?

ಫೈಲನ್ನು ಕಂಪ್ಯೂಟರಿಗೆ ಹಾಕಿದ. ತೆರೆಯಲಿಲ್ಲ. ಅವನು ಹಣೆ ಒರೆಸಿಕೊಳ್ಳುವುದನ್ನು ನೋಡಿ, ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಹಿರಿಯ ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದರು.

"ಅಷ್ಟಕ್ಕೆಲ್ಲ ಬೆವರೋದ್ಯಾಕೋ? ಹೆಸರಿನ ಕೊನೇಲಿ ಡಿಎಸ್ಎಸ್ ಅಂತಿದೆಯಲ್ಲ, ಅದನ್ನ ಅಳಿಸಿ ಎಂಪಿ3 ಅಂತ ಬರಿ. ಆಯ್ತು!"

ಬರೆದ. ಸ್ಪೀಕರಿನಿಂದ ಕಾದ ಬಾಣಲೆಗೆ ನೀರು ಬಿದ್ದಂತೆ ಚುಂಯ್ ಎಂದು ಸದ್ದು ಬಂತು. ಆ ಸದ್ದಿಗೆ ಟೈಪಿಸ್ಟ್ ಅಕ್ಕನೂ ಓಡಿ ಬಂದಳು.

"ದೊಡ್ಡಪ್ಪಾ, ಅಂಗಿ ಬದಲಾಯಿಸಿದ್ರೆ ಆಳು ಬದಲಾಗ್ತಾನಾ? ಪಂಡಿತಾ, ನೀನು ಆ ಕಡೆ ಸರಿ, ನಾನು ಎಂಪಿ3 ಮಾಡೋ ಪರಿವರ್ತಕ ಸಾಫ್ಟ್‌ವೇರ್ ಇಳಿಸಿಕೊಡ್ತೀನಿ."

ಇಳಿಸಿಯೂ ಬಿಟ್ಟಳು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತ ತುದಿ ಮುಟ್ಟಿತು, ಎಂಪಿ3 ಸಿದ್ಧವಾಯಿತು. ಪಂಡಿತ ನೇರ ಸಭೆಯ ಕೊನೆಗೆ ಹಾರಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಕೂಡಲೇ ಅಕ್ಕ ಅದರ ತಂತಿ ಕಿತ್ತಳು. "ನಮಗೂ ಕೇಳ್ಸೋ!" ಸಭೆಯ ದನಿ ಕೋಣೆ ತುಂಬಿತು. ಇನ್ನೇನು ತನ್ನ ಸರದಿ! ಪಂಡಿತ ತಂತಿಗೆ ಕೈ ಚಾಚಿದ.

"ಅಕ್ಕಾ, ದಮ್ಮಯ್ಯ, ಇದು ಗೋಪ್ಯ!"

"ಗೋಪ್ಯಾನಾ?" ಎಂದು ದೊಡ್ಡಪ್ಪ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದರು.

ಊಟದ ಗಂಟೆ ಹೊಡೆಯದಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ಡಬ್ಬಿ ಹಿಡಿದು ಹೊರಟರು. ಪಂಡಿತ ಒಬ್ಬನೇ ಕೂತು ಕೇಳಿದ. ಬಂದೇ ಬಂತು, ಅವನದೇ ದನಿ: "ನಮ್ಮ ಸಾಹೇಬ್ರ ತಲೆ ಹೊರಗೆ ಬೋಳು, ಒಳಗೆ ಪೊಳ್ಳು!"

ಮುಂದೆ ಕೇಳುವ ಧೈರ್ಯ ಯಾರಿಗಿದೆ? ಅಲ್ಲಿಂದ ಕೊನೆಯವರೆಗೆ, ಒಂಬತ್ತು ನಿಮಿಷವನ್ನು ಒಂದೇ ಏಟಿಗೆ ಕತ್ತರಿಸಿದ. ಮೂಲವನ್ನೂ ಬಿಡಲಿಲ್ಲ, ಕಂಪ್ಯೂಟರಿನಿಂದ, ರೆಕಾರ್ಡರಿನಿಂದ ಎಲ್ಲ ಅಳಿಸಿ ನಿಟ್ಟುಸಿರು ಬಿಟ್ಟ.

ಮೂರು ಗಂಟೆಗೆ ಸಾಹೇಬರು ಕೊನೆಯ ಭಾಗ ಕೇಳಿ ಹುಬ್ಬು ಗಂಟಿಕ್ಕಿದರು. "ಇಷ್ಟೇನಾ? ನೀವು ಮಾತಾಡಿದ್ದೆಲ್ಲಿ?"

"ನಾ... ನಾನಾ ಸಾರ್?"

"ಅದೇ ರೀ, ಬೋಳು, ಪೊಳ್ಳು," ಎಂದು ಸಾಹೇಬರು ನಕ್ಕರು. "ನಾನು ಬಾಗಿಲ ಹಿಂದೇನೇ ನಿಂತಿದ್ದೆ. ಮನೇಲಿ ಹೇಳಿದ್ರೆ ನನ್ನ ಹೆಂಡ್ತಿ ಬಿದ್ದು ಬಿದ್ದು ನಕ್ಕಳು. ಅದು ಹೋಗ್ಲಿ ಬಿಡಿ. ನೀವು ಹೋದ ಮೇಲೆ ಒಳಗೆ ಬಂದೆ, ರೆಕಾರ್ಡರ್ ಓಡ್ತಾನೇ ಇತ್ತು. ಒಳ್ಳೇದೇ ಆಯ್ತು ಅಂತ, ನಿಮ್ಮನ್ನ ಕಾಯಂ ಮಾಡ್ಬೇಕು ಅನ್ನೋ ಶಿಫಾರಸನ್ನೂ ಅದಕ್ಕೇ ಹೇಳಿಟ್ಟಿದ್ದೆ. ಎಲ್ಲಿ ಅದು?"

"ಅಳಿಸಿಬಿಟ್ಟೆ ಸಾರ್... ಮೂಲಾನೂ."

ಸಾಹೇಬರ ಮುಖದ ನಗು ಆರಿಹೋಯಿತು. ಬೈದದ್ದಕ್ಕೆ ಕೋಪ ಬಾರದಿದ್ದ ಮನುಷ್ಯನಿಗೆ ಈಗ ಬಂತು. ರೆಕಾರ್ಡರ್ ಎತ್ತಿಕೊಂಡು ಗುಂಡಿ ಒತ್ತಿದರು. "ಕಚೇರಿಯ ದಾಖಲೆಯನ್ನು ಅಳಿಸಿದ ಕಾರಣ, ಈ ಹಂಗಾಮಿ ಗುಮಾಸ್ತರ ಹೆಸರನ್ನು ಕಾಯಂ ಪಟ್ಟಿಯಿಂದ ಕೈಬಿಡತಕ್ಕದ್ದು."

ಆಮೇಲೆ ಅದನ್ನು ಪಂಡಿತನ ಕೈಗೇ ಇಟ್ಟರು.

"ಇದೂ ಡಿಎಸ್ಎಸ್ಸೇ. ನಾಲ್ಕರೊಳಗೆ ಎಂಪಿ3 ಮಾಡಿ ತನ್ನಿ. ಈ ಸಲ ಏನೂ ಕತ್ತರಿಸ್ಬೇಡಿ."