ಆರನೇ ಕೋಣೆಯ ತಿಜೋರಿ

ಬೀಗದಣ್ಣ: ಒಂದು ನಕ್ಷತ್ರ. ಅದಕ್ಕಿಂತ ಅರ್ಧ ಜಾಸ್ತಿ ಕೊಟ್ಟೆ ಅಂದ್ರೆ ಕೇಳು. ಸೊನ್ನೆ ಕೊಡೋಕೆ ಜಾಗ ಇದ್ದಿದ್ರೆ ಅದನ್ನೇ ಕೊಡ್ತಿದ್ದೆ!

ಟೈಲರಮ್ಮ: ರೀ, ಇನ್ನೂ ಆಡೇ ಇಲ್ಲ, ಆಗಲೇ ನಕ್ಷತ್ರ ಕಿತ್ಕೊಳ್ತಾ ಕೂತಿದ್ದೀರಲ್ಲ, ಇದ್ಯಾವ ನ್ಯಾಯ?

ಬೀಗದಣ್ಣ: ಬೆಳಿಗ್ಗೆ ನೀನು ಅಂಗಿ ಗುಂಡಿ ತರೋಕೆ ಹೋದಾಗ ಇಪ್ಪತ್ತು ನಿಮಿಷ ಇಣುಕಿ ನೋಡಿದೆ. ಗೇಟು, ತೋಟ, ಅಷ್ಟೇ. ಸಾಕು ನನಗೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆ ಖಾಲಿ ಮಾಡಬೇಕಾ?

ರಜೆಯ ಮಧ್ಯಾಹ್ನ. ಒಂದೇ ಕೋಣೆ, ಎರಡು ಗೋಡೆ. ಈ ಗೋಡೆಗೆ ಹೊಲಿಗೆ ಮಿಷಿನ್ನು, ಆ ಗೋಡೆಗೆ ಕಂಪ್ಯೂಟರು. ಮಿಷಿನ್ ಮುಂದೆ ಕೂತವಳನ್ನು ಬೀದಿಯವರೆಲ್ಲ ಟೈಲರಮ್ಮ ಅಂತಾರೆ. ಕಂಪ್ಯೂಟರ್ ಮುಂದೆ ಎರಡೇ ಬೆರಳಲ್ಲಿ ಅಭಿಪ್ರಾಯ ಕುಟ್ಟುತ್ತಾ ಕೂತವನು ಅವಳ ಗಂಡ, ಬೀಗ ರಿಪೇರಿ ಅಂಗಡಿಯವನು, ಹಾಗಾಗಿ ಬೀಗದಣ್ಣ. ಇಬ್ಬರ ಮಧ್ಯೆ ಇವತ್ತಿನ ವ್ಯಾಜ್ಯ ಏನಪ್ಪಾ ಅಂದ್ರೆ ಒಂದು ಆಟ.

ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಯಾರದೋ ಕಚೇರಿಯಿಂದ ಬಂದ ಹಳೇ ಕಂಪ್ಯೂಟರಿನೊಳಗೆ ಆ ಆಟ ಇತ್ತು. ‘ದೀಪವಿಲ್ಲದ ಬಂಗಲೆ’ ಅಂತ. ಒಂದೊಂದು ಕೋಣೆಗೂ ಒಂದೊಂದು ಒಗಟು. ಗಂಡ ಹೆಂಡತಿ ಇಬ್ಬರೂ ಸೇರಿ ಐದು ಕೋಣೆ ದಾಟಿ, ಕೊನೆಯ ಆರನೇ ಕೋಣೆಯ ತಿಜೋರಿ ಮುಂದೆ ಸಿಕ್ಕಿಹಾಕಿಕೊಂಡರು. ಮೂರು ಅಂಕಿಯ ಬೀಗ. ಒಂದು ಸಲ ತಪ್ಪಿತೋ, ಕಾವಲುಗಾರ ಬಂದು ಕತ್ತು ಹಿಡಿದು ಗೇಟಿನಾಚೆ ದಬ್ಬುತ್ತಿದ್ದ. ಮತ್ತೆ ಅಲ್ಲಿಗೆ ಬರೋಕೆ ಕಾಲು ಗಂಟೆ. ಸುಳಿವು ಗೊತ್ತಾಗದೆ ಟೈಲರಮ್ಮ ಸೊನ್ನೆ ಸೊನ್ನೆ ಸೊನ್ನೆಯಿಂದ ಶುರು ಮಾಡಿದಳು. ಸಂಜೆಗೆ ಮೂರು ನಂಬರು, ಎಂಟು ತಿಂಗಳು. ಆರುನೂರ ತೊಂಬತ್ತೆಂಟಕ್ಕೆ ಬಂದಾಗ ಕಂಪ್ಯೂಟರು ಕೆಟ್ಟು ಕೂತಿತು, ಆಟವೂ ಹೋಯಿತು. ಅವತ್ತು ಇಬ್ಬರೂ ಆಣೆ ಇಟ್ಟುಕೊಂಡರು: ಯಾವತ್ತಾದರೂ ಆ ಆಟ ಮತ್ತೆ ಸಿಕ್ಕಿದರೆ, ತಿಜೋರಿ ತೆಗೆಯೋದು ಇಬ್ಬರೂ ಒಟ್ಟಿಗೇ.

ಹೋದ ವಾರ ಟೈಲರಮ್ಮನ ತಮ್ಮ ಬಂದವನು ಅದೇ ಆಟವನ್ನು ಹೊಸದಾಗಿ ಮಾಡಿದ್ದಾರೆ ಅಂತ ಹಾಕಿಕೊಟ್ಟು ಹೋದ. ರಜೆಯ ದಿನ ಒಟ್ಟಿಗೆ ಶುರು ಮಾಡೋಣ ಅಂತ ಮಾತಾಯಿತು. ಆ ಮಾತನ್ನು ಟೈಲರಮ್ಮ ಒಂದು ದಿನ ಉಳಿಸಿಕೊಂಡಳು. ಎರಡನೇ ದಿನ ಗಂಡ ಅಂಗಡಿಗೆ ಹೋದದ್ದೇ ತಡ, ಹೊಲಿಗೆ ಬಿಟ್ಟು ಆ ಗೋಡೆಗೆ ಹಾರಿದಳು. ಈಗ ಅವಳಿಗೆ ಒಂದೇ ಚಿಂತೆ. ಈ ಮನುಷ್ಯನಿಗೆ ಗೊತ್ತಾದರೆ ಮುಗೀತು, ಇನ್ನು ಬದುಕಿರೋವರೆಗೂ ಹಂಗಿಸ್ತಾನೆ.

ಬೀಗದಣ್ಣ: ನೋಡು, ನಾನೊಬ್ಬನೇ ಅಲ್ಲ. ಇಲ್ಲೊಬ್ಬ ಬರೆದಿದ್ದಾನೆ: ‘ಹಳೇದರಲ್ಲಿ ಗೋಡೆ ಬೂದು ಬಣ್ಣ. ಹೊಸದರಲ್ಲಿ ನೀಲಿ. ನನ್ನ ಬಾಲ್ಯವನ್ನೇ ಸುಣ್ಣ ಬಳಿದು ಹಾಳು ಮಾಡಿದರು.’ ಕಣ್ಣಲ್ಲಿ ನೀರು ಬರುತ್ತೆ ಕಣೆ.

ಟೈಲರಮ್ಮ: ಅವನ ಬಾಲ್ಯ ಬೂದು ಬಣ್ಣದ್ದಾದ್ರೆ ಆಟ ಮಾಡಿದವರೇನು ಮಾಡ್ತಾರೆ? ಇನ್ನೊಂದು ಓದಿ.

ಬೀಗದಣ್ಣ: ‘ನಾನಿನ್ನೂ ಆಡಿಲ್ಲ. ಆದರೂ ಚೆನ್ನಾಗಿಲ್ಲ.’ ನೋಡಿದ್ಯಾ, ಧೈರ್ಯಸ್ಥ!

ಟೈಲರಮ್ಮ: ನಿಮ್ಮ ತಮ್ಮನೇ ಇರಬೇಕು. ಆಮೇಲೆ?

ಬೀಗದಣ್ಣ: ‘ಸುಳಿವಿಗೆ ಅಂತ ಒತ್ತೋ ಗುಂಡಿ ಇಟ್ಟಿದ್ದಾರೆ, ನಾಚಿಕೆಗೇಡು. ನಮ್ಮಜ್ಜಿ ಕೂಡ ಆಟ ಮುಗಿಸಿಬಿಟ್ಟಳು.’ ಅದರ ಕೆಳಗೆ ಒಂದು ಉತ್ತರ ಇದೆ... ‘ನಾನೇ ಆ ಅಜ್ಜಿ. ಗುಂಡಿ ಒತ್ತಿದವನು ನೀನು. ಮನೆಗೆ ಬಾ, ಮಾತಾಡೋದಿದೆ.’

ಟೈಲರಮ್ಮ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ನಕ್ಕ ಗುಂಗಿನಲ್ಲಿ ನಾಲಿಗೆ ಸ್ವಲ್ಪ ಸಡಿಲವಾಯಿತು.

ಟೈಲರಮ್ಮ: ಏನೇ ಹೇಳಿ, ಹೊಸದರಲ್ಲಿ ಎಲ್ಲಾ ಎಷ್ಟು ಸ್ಪಷ್ಟ! ಮೊದಲು ಪರದೆ ಅಂದ್ರೆ ಒಂದು ಕೆಂಪು ಪಟ್ಟೆ, ಅಷ್ಟೇ. ಈಗ ಐದನೇ ಕೋಣೆಯ ಪರದೆಯಲ್ಲಿ ಮಡಿಕೆ ಬೇರೆ, ನೆರಳು ಬೇರೆ...

ಬೀಗದಣ್ಣ: ಐದನೇ ಕೋಣೆಗೆ ನೀನ್ಯಾವಾಗ ಹೋದೆ?

ಟೈಲರಮ್ಮ: ನಾನಾ? ನಾನೆಲ್ಲಿಗೆ ಹೋಗ್ಲಿ? ಅಲ್ಲೇ... ಅಭಿಪ್ರಾಯದಲ್ಲಿ ಯಾರೋ ಬರೆದಿದ್ರಲ್ಲ.

ಬೀಗದಣ್ಣ: ಯಾರೂ ಬರೆದಿಲ್ವಲ್ಲ?

ಟೈಲರಮ್ಮ: ನೀವು ಕೆಟ್ಟದಾಗಿ ಬರೆದವರದ್ದನ್ನೇ ಹುಡುಕಿ ಹುಡುಕಿ ಓದಿದ್ರೆ ಪರದೆ ಎಲ್ಲಿಂದ ಸಿಗುತ್ತೆ!

ಪಾಪ, ಹೇಗೋ ತಪ್ಪಿಸಿಕೊಂಡಳು ಅನ್ನುವಷ್ಟರಲ್ಲಿ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಡ್ರಿಲ್ ಮೇಷ್ಟ್ರು. ಮೂರು ವಾರದಿಂದ ಕೋಟಿಗಾಗಿ ಅಲೆಯುತ್ತಿದ್ದಾರೆ.

ಡ್ರಿಲ್ ಮೇಷ್ಟ್ರು: ಟೈಲರಮ್ಮ, ನನ್ನ ಕೋಟು?

ಟೈಲರಮ್ಮ: ಒಂದು ತೋಳು ಬಾಕಿ ಮೇಷ್ಟ್ರೇ.

ಡ್ರಿಲ್ ಮೇಷ್ಟ್ರು: ಗುರುವಾರಾನೂ ಅದೇ ತೋಳು ಬಾಕಿ ಇತ್ತು. ಕೇಳೋಣ ಅಂತ ಬಂದ್ರೆ ನೀವು ಕಂಪ್ಯೂಟರ್ ಒಳಗೆ ಮುಖ ಇಟ್ಕೊಂಡು ಏನೋ ಎಣಿಸ್ತಾ ಇದ್ರಿ. ನಾಲ್ಕು ಸಲ ಕೆಮ್ಮಿದೆ. ಕೊನೆಗೆ ವಿಷಲ್ ಊದಿದೆ. ನೀವು ತಿರುಗಿ ಕೂಡ ನೋಡಲಿಲ್ಲ!

ಟೈಲರಮ್ಮ: ಹೊಸ ವಿನ್ಯಾಸ ನೋಡ್ತಿದ್ದೆ. ನಿಮ್ಮ ಕೋಟಿಗೇ. ನಾಳೆ ಬನ್ನಿ, ನಾಳೆ ಬನ್ನಿ.

ಕಿಟಕಿ ಮುಚ್ಚಿದಳು. ಬೀಗದಣ್ಣ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

ಬೀಗದಣ್ಣ: ಗುರುವಾರ ಕತ್ತು ನೋವು ಅಂದಿದ್ದೆ ಅಲ್ವಾ? ಬಗ್ಗಿ ಬಗ್ಗಿ ಹೊಲಿದು ಕತ್ತೇ ತಿರುಗ್ತಿಲ್ಲ ಅಂತ?

ಟೈಲರಮ್ಮ: ವಿನ್ಯಾಸ ನೋಡಿದ್ರೂ ಕತ್ತು ನೋಯುತ್ತೆ. ನೀವು ಮೊದಲು ಆ ಅಭಿಪ್ರಾಯ ಕಳಿಸಿ, ಕಾಫಿ ಮಾಡ್ತೀನಿ.

ಅವಳು ಹೇಳಿದ್ದೇ ತಪ್ಪಾಯಿತು. ಬೀಗದಣ್ಣ ಠಪ್ಪನೆ ಒತ್ತಿದ. ಬರೆದದ್ದು ಲೋಕಕ್ಕೆಲ್ಲ ಕಾಣಿಸಿತು. ಅದರ ಜೊತೆಗೆ, ಬರೆದವರು ಎಷ್ಟು ಹೊತ್ತು ಆಡಿದ್ದಾರೆ ಅನ್ನುವುದೂ ಪಕ್ಕದಲ್ಲೇ ಕಾಣಿಸಿತು. ಹಾಳಾದ್ದು, ಅದೊಂದು ವ್ಯವಸ್ಥೆ ಇದೆ ಅಂತ ಟೈಲರಮ್ಮನಿಗೆ ಗೊತ್ತೇ ಇರಲಿಲ್ಲ.

ಬೀಗದಣ್ಣ: ಇದೇನಿದು? ‘ಹನ್ನೊಂದು ಗಂಟೆ ನಲವತ್ತು ನಿಮಿಷ ಆಡಿದ್ದಾರೆ.’ ಯಾರು? ನಾನಾ? ನಾನು ಆಡಿದ್ದು ಇಪ್ಪತ್ತು ನಿಮಿಷ!

ಟೈಲರಮ್ಮ: ಕಂಪ್ಯೂಟರ್ ಲೆಕ್ಕ ತಪ್ಪಿರಬೇಕು.

ಬೀಗದಣ್ಣ: ಕಂಪ್ಯೂಟರ್ ಇರೋದೇ ಲೆಕ್ಕಕ್ಕೆ ಕಣೆ! ಇಪ್ಪತ್ತು ಕಳೆದ್ರೆ ಹನ್ನೊಂದೂ ಕಾಲು ಗಂಟೆಗೂ ಜಾಸ್ತಿ. ಈ ಮನೇಲಿರೋದು ಇಬ್ಬರೇ. ಒಬ್ಬ ಅಂಗಡೀಲಿದ್ದ. ಇನ್ನೊಬ್ಬರು ಕತ್ತು ನೋವಲ್ಲಿದ್ರು. ನಾನು ಮುಲಾಮು ತಿಕ್ಕಿದೆ! ಎರಡು ದಿನ! ಬಿಸಿನೀರಿನ ಚೀಲ ಬೇರೆ!

ಟೈಲರಮ್ಮ: ಕತ್ತು ನಿಜವಾಗ್ಲೂ ನೋಯ್ತಿತ್ತು ರೀ...

ಬೀಗದಣ್ಣ: ನೋಯದೇ ಇರುತ್ತಾ, ಹನ್ನೊಂದು ಗಂಟೆ! ಆಣೆ ಇಟ್ಟಿದ್ವಿ ಇಬ್ಬರೂ. ಇಪ್ಪತ್ತೆರಡು ವರ್ಷ ಕಾದಿದ್ದೀನಿ ನಾನು. ಬೇರೆಯವರ ತಿಜೋರಿ ಸಾವಿರ ತೆಗೆದಿದ್ದೀನಿ, ಅದೊಂದನ್ನು ಮುಟ್ಟಲಿಲ್ಲ, ನಿನಗೋಸ್ಕರ. ನೀನು ತೆಗೆದುಬಿಟ್ಟೆ ಅಲ್ವಾ?

ಟೈಲರಮ್ಮ: ಇಲ್ಲ! ತಿಜೋರಿ ಮುಂದೆ ಹೋದೆ, ಒಪ್ಕೋತೀನಿ. ನಂಬರ್ ಗೊತ್ತಾಯ್ತು, ಅದನ್ನೂ ಒಪ್ಕೋತೀನಿ. ಎರಡು ಅಂಕಿ ತಿರುಗಿಸಿದೆ. ಮೂರನೇದಕ್ಕೆ ಕೈ ಹೋಯ್ತು. ನಿಮ್ಮ ಮುಖ ಕಣ್ಣ ಮುಂದೆ ಬಂತು, ಕೈ ತೆಗೆದೆ. ನಿಮ್ಮಾಣೆ.

ಬೀಗದಣ್ಣ: ಹನ್ನೊಂದು ಗಂಟೆ ಆಡಿ ಮೂರನೇ ಅಂಕಿಗೆ ಮನಸ್ಸು ಬದಲಾಯ್ತಂತೆ! ಇದನ್ನ ಯಾರಿಗಾದ್ರೂ ಹೇಳು, ನಗ್ತಾರೆ.

ಟೈಲರಮ್ಮನ ಕಣ್ಣು ತುಂಬಿತು. ಅದು ನಿಜವೇ ಆಗಿತ್ತು. ಗುರುವಾರ ಮಧ್ಯಾಹ್ನ ಆ ಬೀಗದ ಮುಂದೆ ಹತ್ತು ನಿಮಿಷ ಕೈ ಕಟ್ಟಿಕೊಂಡು ಕೂತಿದ್ದಳು. ತೆಗೆಯೋಕೆ ಎಷ್ಟು ಆಸೆಯಿತ್ತೋ, ಅವನಿಲ್ಲದೆ ತೆಗೆಯೋಕೆ ಅಷ್ಟೇ ಬೇಜಾರಾಗಿತ್ತು. ಅದನ್ನು ಹೇಳಿದರೆ ನಂಬದ ಗಂಡನ ಮೇಲೆ ಈಗ ಸಿಟ್ಟೂ ಬಂತು.

ಟೈಲರಮ್ಮ: ಸರಿ, ನಾನೇ ಕಳ್ಳಿ. ನೀವು ಸತ್ಯವಂತರು. ಅದೇನು ಬರೆದಿದ್ದೀರೋ ಓದಿ, ಕೇಳಿಸ್ಕೊಳ್ಳೋಣ ಸತ್ಯವಂತರ ಮಾತು.

ಬೀಗದಣ್ಣ: ಓದ್ತೀನಿ, ನನಗೇನು ಭಯ?

ಗಂಟಲು ಸರಿಮಾಡಿಕೊಂಡ. ಎದ್ದೇ ನಿಂತ. ಭಾಷಣಕ್ಕೆ ನಿಂತವರ ಹಾಗೆ ಒಂದು ಕೈ ಎದೆ ಮೇಲಿಟ್ಟ.

ಬೀಗದಣ್ಣ: ‘ಮಾನ್ಯರೇ. ನಾನು ವೃತ್ತಿಯಿಂದ ಬೀಗ ರಿಪೇರಿಯವನು. ಹಳೇ ಆಟದ ಕಟ್ಟಾ ಅಭಿಮಾನಿ. ಒಂದನೆಯದಾಗಿ, ಕಾವಲುಗಾರನ ಮೀಸೆ ಬೋಳಿಸಿದ್ದೀರಿ. ಎರಡನೆಯದಾಗಿ, ಕಂಡಕಂಡ ವಸ್ತುವಿಗೆಲ್ಲ ಹೊಸ ಬಣ್ಣ ಬಳಿದು ಥಳಥಳ ಮಾಡಿದ್ದೀರಿ. ಹಳೇ ಬೀಗಕ್ಕೆ ಸವೆತವೇ ಜೀವ. ಮೂರನೆಯದಾಗಿ, ಇದು ಕ್ಷಮಿಸಲಾರದ ಅಪರಾಧ, ಮೂಲಕ್ಕೆ ಬಗೆದ ದ್ರೋಹ: ಏಳು, ಸೊನ್ನೆ, ನಾಲ್ಕು ಇಟ್ಟರೂ ತಿಜೋರಿ ತೆ...’

ನಿಲ್ಲಿಸಿದ. ಎದೆ ಮೇಲಿನ ಕೈ ಮೆಲ್ಲಗೆ ಕೆಳಗಿಳಿಯಿತು.

ಟೈಲರಮ್ಮ: ಓದಿ. ಯಾಕೆ ನಿಲ್ಲಿಸಿದ್ರಿ?

ಬೀಗದಣ್ಣ: ಕನ್ನಡಕ ಮಂಜಾಗಿದೆ.

ಟೈಲರಮ್ಮ: ನೀವು ಕನ್ನಡಕಾನೇ ಹಾಕಲ್ಲ. ಏಳು, ಸೊನ್ನೆ, ನಾಲ್ಕು. ಅದ್ಯಾವ ನಂಬರ್ ರೀ?

ಬೀಗದಣ್ಣ: ಸುಮ್ನೆ ಒಂದು ಅಂದಾಜು.

ಟೈಲರಮ್ಮ: ಅಂದಾಜು ತಪ್ಪಾದ್ರೆ ಅದು ‘ಮೂಲಕ್ಕೆ ಬಗೆದ ದ್ರೋಹ’ ಯಾಕಾಗುತ್ತೆ? ಬೆಳಿಗ್ಗೆ ಗೇಟು ತೋಟ ಅಂದವರು ತಿಜೋರಿವರೆಗೂ ಹೋಗಿ ಬಂದಿದ್ದೀರಿ. ಹೋಗಲಿ ಬಿಡಿ. ಹಳೇ ತಿಜೋರಿ ಯಾವಾಗ ತೆಗೆದ್ರಿ?

ಬೀಗದಣ್ಣ ಕುರ್ಚಿಯಲ್ಲಿ ಕುಸಿದ. ಇಷ್ಟು ಹೊತ್ತು ನ್ಯಾಯಾಧೀಶನಾಗಿದ್ದವನು ಒಂದೇ ಏಟಿಗೆ ಕಟಕಟೆಗೆ ಬಂದ.

ಬೀಗದಣ್ಣ: ಆಟ ಶುರು ಮಾಡಿದ ಎರಡನೇ ವಾರ. ನೀನು ತವರಿಗೆ ಹೋಗಿದ್ದೆ.

ಟೈಲರಮ್ಮ: ಎರಡನೇ ವಾರ?!

ಬೀಗದಣ್ಣ: ನೋಡಿದ ತಕ್ಷಣ ಗೊತ್ತಾಯ್ತು ಕಣೆ. ಬೀಗದ ಚಿತ್ರದಲ್ಲಿ ಒಂದೊಂದು ಚಕ್ರಕ್ಕೂ ಒಂದೊಂದೇ ಅಂಕಿ ಸವೆದಿತ್ತು. ಜನ ದಿನಾ ತಿರುಗಿಸೋ ಅಂಕಿ ತಾನೇ ಸವೆಯೋದು? ನನ್ನ ಕೈ ಸುಮ್ನಿರಲಿಲ್ಲ.

ಟೈಲರಮ್ಮ: ಮತ್ತೆ ಆಮೇಲೆ ಎಂಟು ತಿಂಗಳು ನಾನು ಒಂದೊಂದೇ ನಂಬರ್ ತಿರುಗಿಸ್ತಿದ್ರೆ ಪಕ್ಕದಲ್ಲಿ ಕೂತು ‘ಇದಿರಬಹುದು, ಇದಿರಬಹುದು’ ಅಂತಿದ್ರಲ್ಲ! ಆ ಕಾವಲುಗಾರನ ಕೈಲಿ ಏಳುನೂರು ಸಲ ಕತ್ತು ಹಿಡಿಸ್ಕೊಂಡಿದ್ದೀನಿ ನಾನು! ಪ್ರತಿ ಸಲ ‘ಛೇ’ ಅಂತಿದ್ರಿ! ಅದೆಲ್ಲ ನಾಟಕಾನಾ?

ಬೀಗದಣ್ಣ: ‘ಛೇ’ ಮಾತ್ರ ನಿಜ. ನಿನ್ನ ಮುಖ ಅಷ್ಟು ಚಿಕ್ಕದಾಗ್ತಿತ್ತು.

ಟೈಲರಮ್ಮ: ಇನ್ನು ಆರೇ ನಂಬರ್ ಬಾಕಿ ಇದ್ದಾಗ ಕಂಪ್ಯೂಟರ್ ಕೆಟ್ಟಿದ್ದು?

ಬೀಗದಣ್ಣ: ಕೆಡಲಿಲ್ಲ. ಒಳಗಿಂದ ಒಂದೇ ಒಂದು ಸಣ್ಣ ತಂತಿ ಕಿತ್ತಿದ್ದೆ.

ಟೈಲರಮ್ಮ ಎದ್ದಳು. ಕೈಯಲ್ಲಿ ಕತ್ತರಿಯಿತ್ತು. ಬೀಗದಣ್ಣ ಕುರ್ಚಿ ಸಮೇತ ಒಂದಡಿ ಹಿಂದೆ ಸರಿದ. ಅವಳು ಕತ್ತರಿಯನ್ನು ಮಿಷಿನ್ ಮೇಲಿಟ್ಟಳು, ಅಷ್ಟರ ಮಟ್ಟಿಗೆ ಅವನ ಪುಣ್ಯ.

ಟೈಲರಮ್ಮ: ಯಾಕೆ? ಒಂದು ಕಾರಣ ಹೇಳಿ. ಒಂದೇ ಒಂದು.

ಬೀಗದಣ್ಣ: ತಿಜೋರಿ ಒಳಗೆ ಒಂದು ಚೀಟಿ ಇತ್ತು. ‘ಅಭಿನಂದನೆ. ಆಟ ಮುಗಿಯಿತು. ಇನ್ನು ಎದ್ದು ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ.’ ನನಗೆ ಭಯ ಆಯ್ತು ಕಣೆ. ಮದುವೆಯಾಗಿ ಒಂದು ತಿಂಗಳಾಗಿತ್ತು. ನಮ್ಮಿಬ್ಬರ ಮಧ್ಯೆ ‘ಊಟ ಆಯ್ತಾ’, ‘ಆಯ್ತು’ ಬಿಟ್ರೆ ಬೇರೆ ಮಾತೇ ಇರಲಿಲ್ಲ. ಆ ಆಟದ ಮುಂದೆ ಮಾತ್ರ ನೀನು ಪಕ್ಕದಲ್ಲಿ ಕೂತು ಮಾತಾಡ್ತಿದ್ದೆ. ಮುಗಿದುಹೋದ್ರೆ ನೀನು ಈ ಗೋಡೆ, ನಾನು ಆ ಗೋಡೆ.

ಟೈಲರಮ್ಮ ಕರಗಿದಳು, ಸುಳ್ಳು ಯಾಕೆ ಹೇಳಬೇಕು. ಆದರೆ ಕರಗಿದ್ದನ್ನು ತೋರಿಸಿಬಿಡೋಕೆ ಅವಳೇನು ನಿನ್ನೆ ಮೊನ್ನೆ ಮದುವೆಯಾದವಳೇ?

ಟೈಲರಮ್ಮ: ಹಾಗಾದ್ರೆ ತಂತಿ ಕಿತ್ತ ಮೇಲೆ ಮಾತಿಗೆ ಏನು ಮಾಡೋಣ ಅಂದ್ಕೊಂಡಿದ್ರಿ?

ಬೀಗದಣ್ಣ: ಅಷ್ಟೊತ್ತಿಗೆ ನೀನು ನನ್ನ ಜೊತೆ ಜಗಳ ಆಡೋದು ಕಲಿತಿದ್ದೆ. ಇನ್ನು ಆಟ ಬೇಕಾಗಿರಲಿಲ್ಲ.

ಟೈಲರಮ್ಮ: ಏಳಿ ಮೇಲೆ.

ಬೀಗದಣ್ಣ: ಯಾಕೆ?

ಟೈಲರಮ್ಮ: ಏಳಿ ಅಂದ್ರೆ ಏಳಿ. ಹೋಗಿ ನನ್ನ ಮಿಷಿನ್ ಗೋಡೆಗೆ ಮುಖ ಹಾಕಿ ನಿಂತ್ಕೊಳ್ಳಿ. ತಿರುಗಿದ್ರೋ, ಮುಲಾಮು ಹಚ್ಚೋಕೆ ನಿಮಗೆ ಕತ್ತೇ ಇರಲ್ಲ.

ಬೀಗದಣ್ಣ ಬಾಯಿ ಮುಚ್ಚಿಕೊಂಡು ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತ. ಟೈಲರಮ್ಮ ಕುರ್ಚಿ ಎಳೆದು ಕೂತಳು. ಆಟ ನಿಲ್ಲಿಸಿದ ಜಾಗವನ್ನು ಅವಳು ‘ನಾದಿನಿಯ ಸೊಂಟದಳತೆ’ ಅನ್ನುವ ಹೆಸರಿನಲ್ಲಿ ಉಳಿಸಿಟ್ಟಿದ್ದಳು. ತನ್ನ ತಂಗಿಯ ಸೊಂಟದ ಗುಟ್ಟು ಯಾವ ಅಣ್ಣನಿಗೆ ಬೇಕು? ಅದನ್ನು ತೆರೆದಳು. ಐದನೇ ಕೋಣೆಯ ಪರದೆಯ ಅಂಚಿನಲ್ಲಿ ಎಣಿಸಿಕೊಂಡಿದ್ದ ಹೊಲಿಗೆಗಳ ಲೆಕ್ಕವೇ ತಿಜೋರಿಯ ನಂಬರು, ಅದು ಬೆರಳ ತುದಿಯಲ್ಲೇ ಇತ್ತು. ಹೊಲಿಯೋರ ಕಣ್ಣಿಗೆ ಬಿದ್ದ ಹೊಲಿಗೆ ಮರೆಯುತ್ತಾ? ಒಂದು ಅಂಕಿ. ಎರಡು. ಈ ಸಲ ಮೂರನೆಯದಕ್ಕೆ ಕೈ ಅಳುಕಲಿಲ್ಲ. ಕಟಕ್ ಅಂತ ಸದ್ದಾಯಿತು.

ಬೀಗದಣ್ಣ: ತೆಗೀತಾ? ಸದ್ದು ಕೇಳಿಸ್ತು! ಮೂರು ಕೊಕ್ಕೆಯ ಬೀಗದ ಸದ್ದು ಅದು!

ಟೈಲರಮ್ಮ: ಶ್... ಅಯ್ಯೋ! ಅಯ್ಯಯ್ಯೋ, ಇದೇನ್ರೀ ಇದು!

ಮೊದಲು ಒಂದು ಸಣ್ಣ ಕಿಸಕ್. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಬೀಗದಣ್ಣ: ಏನಿದೆ? ಏನಿದೆಯೇ? ಚೀಟೀನಾ? ಬೇರೇನಾ? ಹೇಳೇ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ!

ಟೈಲರಮ್ಮ ಕಣ್ಣೊರೆಸಿಕೊಂಡು ಆಟ ಮುಚ್ಚಿದಳು. ಮತ್ತೆ ಹೊಸದಾಗಿ ಶುರು ಮಾಡಿದಳು. ಕಂಪ್ಯೂಟರಿನಲ್ಲಿ ಬಂಗಲೆಯ ಗೇಟು ಬಂದು ನಿಂತಿತು. ಎದ್ದು ಆ ಕುರ್ಚಿ ಗಂಡನಿಗೆ ಬಿಟ್ಟು, ಹೊಲಿಗೆ ಮಿಷಿನ್ನಿನ ಸ್ಟೂಲನ್ನು ದರದರ ಎಳೆದು ತಂದು ಅದರ ಪಕ್ಕಕ್ಕೆ ಹಾಕಿಕೊಂಡಳು.

ಟೈಲರಮ್ಮ: ಬನ್ನಿ, ಕೂತ್ಕೊಳ್ಳಿ. ಸೊನ್ನೆ ಸೊನ್ನೆ ಸೊನ್ನೆಯಿಂದ ಶುರು ಮಾಡಿ. ಸಂಜೆಗೆ ಮೂರು ನಂಬರ್. ನಾನು ಪಕ್ಕದಲ್ಲೇ ಕೂತು ‘ಛೇ’ ಅಂತಿರ್ತೀನಿ.